ಹಿತ್ತಾಳೆ ಮೈ, ಜೊಂಡಿನ ನಾಲಿಗೆ: ಸ್ಯಾಕ್ಸೋಫೋನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ಮದುವೆ ಮನೆ ಓಲಗದ ಬಗ್ಗೆ ಒಬ್ಬರು ಕೇಳಿದ್ದಕ್ಕೆ ಉತ್ತರ ಬರೀತಾ ‘ಸ್ಯಾಕ್ಸೋಫೋನು ನೋಡೋಕೆ ಹಿತ್ತಾಳೆ ಆದ್ರೂ ನಾಗಸ್ವರಕ್ಕೆ ಹತ್ತಿರದ ನೆಂಟ’ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲು ಹಿಡ್ಕೊಂಡು ಮೈಸೂರು ಮಂಡ್ಯ ಕಡೆಯಿಂದ ಇಷ್ಟೊಂದು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಕೆಲವರು ಹೌದು ಅಂದಿದಾರೆ, ಕೆಲವರಿಗೆ ಕೋಪ ಬಂದಿದೆ, ಇನ್ನು ಕೆಲವರಿಗೆ ಕಲೀಬೇಕು ಅನ್ನೋ ಆಸೆ. ಈ ಸಲ ಅಂಕಣ ಪೂರ್ತಿ ಅದಕ್ಕೇ ಇಡ್ತಿದೀನಿ.

ಪ್ರಶ್ನೆ: ನಮ್ಮಕ್ಕನ ಮಗಳ ಮದ್ವೇಲಿ ಓಲಗದ ಜಾಗದಲ್ಲಿ ಸ್ಯಾಕ್ಸೋಫೋನ್ ಕೂರ್ಸಿದ್ರು, ಜೊತೇಗೆ ಡೋಲು ಇತ್ತು. ನಮ್ಮ ದೊಡ್ಡಪ್ಪ ‘ಇದೇನ್ರಪ್ಪ, ಧಾರೆ ಹೊತ್ನಲ್ಲಿ ಬ್ಯಾಂಡ್‌ಸೆಟ್ ಊದುಸ್ತಾವ್ರೆ, ಇದು ನಮ್ದಾ’ ಅಂತ ಮುನಿಸ್ಕೊಂಡು ಊಟಕ್ಕೂ ಕೂರ್ಲಿಲ್ಲ. ನೀವು ನೋಡುದ್ರೆ ನೆಂಟ ಅಂತ ಬರ್ದಿದೀರ. ಹಿತ್ತಾಳೆ ವಾದ್ಯ ಅದೆಂಗೆ ನಾಗಸ್ವರದ ನೆಂಟ ಆಯ್ತದೆ?
(ಮದ್ದೂರಿನ ಓದುಗರು)

ಉತ್ತರ: ನಿಮ್ಮ ದೊಡ್ಡಪ್ಪನವರ ಸಂಕಟ ನನಗೆ ಅರ್ಥ ಆಗುತ್ತೆ, ಧಾರೆ ಎರೆಯೋ ಹೊತ್ತಲ್ಲಿ ಗಟ್ಟಿಮೇಳ ಅಂದ ತಕ್ಷಣ ಕಿವಿ ನಾಗಸ್ವರಾನೇ ಹುಡುಕುತ್ತೆ, ಅದು ಎಷ್ಟೋ ತಲೆಮಾರಿನ ಅಭ್ಯಾಸ. ಆದ್ರೆ ಅವರು ಆ ವಾದ್ಯದ ಮೈ ನೋಡಿ ಮಾತಾಡ್ತಿದಾರೆ, ಒಂದು ಸಲ ಅದರ ಬಾಯಿ ನೋಡ್ಬೇಕು.

ಸ್ಯಾಕ್ಸೋಫೋನಿನ ತುದೀಲಿ ಒಂದು ಕಪ್ಪು ಮೌತ್‌ಪೀಸ್ ಇರುತ್ತಲ್ಲ, ಅದರ ಅಡಿಗೆ ಐಸ್‌ಕ್ರೀಂ ಕಡ್ಡಿ ಥರ ಒಂದು ಚಪ್ಪಟೆ ಸೀಳು ಕಟ್ಟಿರ್ತಾರೆ, ಅದಕ್ಕೆ ರೀಡ್ ಅಂತಾರೆ. ಬುಡದಲ್ಲಿ ದಪ್ಪ, ತುದೀಲಿ ಬೆಳಕು ಹಾದುಹೋಗೋಷ್ಟು ತೆಳು. ಊದಿದಾಗ ಆ ತೆಳ್ಳಗಿನ ತುದಿ ಮೌತ್‌ಪೀಸಿನ ಸಂದನ್ನ ಒಂದು ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚುತ್ತೆ, ಆ ನಡುಕಕ್ಕೆ ಕೊಳವೆ ಒಳಗಿನ ಗಾಳಿ ಅಲುಗಾಡುತ್ತೆ, ನಾದ ಹುಟ್ಟೋದು ಅಲ್ಲಿ. ಹಿತ್ತಾಳೆ ಆ ಗಾಳಿಗೆ ಒಂದು ಆಕಾರ ಕೊಡುತ್ತೆ ಅಷ್ಟೆ. ಟ್ರಂಪೆಟ್‌ನಲ್ಲಿ ಹಾಗಲ್ಲ, ಅಲ್ಲಿ ರೀಡೇ ಇಲ್ಲ, ಊದೋರ ತುಟೀನೇ ನಡುಗ್ಬೇಕು. ಅದಕ್ಕೇ ಪಾಶ್ಚಾತ್ಯರ ಲೆಕ್ಕದಲ್ಲೂ ಟ್ರಂಪೆಟ್ ಹಿತ್ತಾಳೆ ವಾದ್ಯ, ಸ್ಯಾಕ್ಸೋಫೋನು ಮಾತ್ರ ಕ್ಲಾರಿನೆಟ್, ಓಬೋ ಜೊತೆ ಮರದ ವಾದ್ಯಗಳ ಪಂಕ್ತೀಲಿ ಕೂರುತ್ತೆ. ಮೈ ಲೋಹವೇ ಆಗ್ಬೇಕು ಅಂತಾನೂ ಇಲ್ಲ, ಚಾರ್ಲಿ ಪಾರ್ಕರ್ ಅಂತ ಜಾಜ್‌ನ ಮಹಾ ವಾದಕರೊಬ್ಬರು 1953ರಲ್ಲಿ ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಪ್ಲಾಸ್ಟಿಕ್ ಸ್ಯಾಕ್ಸೋಫೋನ್ ಹಿಡಿದೇ ಕಛೇರಿ ಮಾಡಿದ್ರು, ಆ ರೆಕಾರ್ಡಿಂಗ್ ಇವತ್ತಿಗೂ ಜನ ಹುಡುಕಿ ಕೇಳ್ತಾರೆ.

ಇನ್ನು ಆ ರೀಡು ಯಾವುದರದ್ದು ಅಂದ್ರೆ ಒಂದು ಜಾತಿ ಜೊಂಡಿಂದು. ದಕ್ಷಿಣ ಫ್ರಾನ್ಸಿನ ವಾರ್ ಅನ್ನೋ ಸೀಮೇಲಿ ಬೆಳೆಯೋ ಜೊಂಡಿಗೆ ಒಳ್ಳೆ ಹೆಸರು. ಮಂಡ್ಯದೋರಿಗೆ ಇದು ಹೇಳಿದ್ರೆ ಖುಷಿ ಆಗುತ್ತೆ, ಆ ಜೊಂಡು ನಿಮ್ಮ ಗದ್ದೆ ಕಬ್ಬಿನ ಥರಾನೇ ಹುಲ್ಲಿನ ಕುಟುಂಬಕ್ಕೆ ಸೇರಿದ್ದು, ನಮ್ಮ ಕೊಳಲಿನ ಬಿದಿರು ಕೂಡ ಅದೇ ಕುಟುಂಬ. ನಾಗಸ್ವರದ ತುದಿಗೆ ಓಲಗದೋರು ಸಿಕ್ಕಿಸ್ಕೊಳೋ ಪೀಪಿನೂ ಜೊಂಡಿಂದೇ, ತಂಜಾವೂರು ಸೀಮೇಲಿ ನಮ್ಮ ಕಾವೇರಿ ದಂಡೇಲೇ ಬೆಳೆಯೋ ಜೊಂಡಲ್ಲಿ ಅದನ್ನ ಮಾಡ್ತಾರೆ. ವ್ಯತ್ಯಾಸ ಏನಂದ್ರೆ ನಾಗಸ್ವರದ ಪೀಪೀಲಿ ಎರಡು ಎಲೆ ಒಂದಕ್ಕೊಂದು ಮುಖ ಮಾಡ್ಕೊಂಡು ನಡುಗ್ತವೆ, ಸ್ಯಾಕ್ಸೋಫೋನಲ್ಲಿ ಒಂದೇ ಎಲೆ.

ನೆಂಟಸ್ತಿಕೆ ಇಷ್ಟಕ್ಕೇ ಮುಗಿಯಲ್ಲ, ನನಗೆ ತುಂಬಾ ಮುಖ್ಯ ಅನ್ಸೋದು ಮುಂದಿನ ಮಾತು. ನಾಗಸ್ವರದ ಕೊಳವೆ ಬಾಯಿ ಹತ್ರ ಸಣ್ಣ, ಕೆಳಗೆ ಬರ್ತಾ ಬರ್ತಾ ಅಗಲ. ಸ್ಯಾಕ್ಸೋಫೋನೂ ಅಷ್ಟೇ, ಮೊದಲಿಂದ ಕೊನೇವರೆಗೂ ಅಗಲ ಆಗ್ತಾ ಹೋಗುತ್ತೆ, ಬಗ್ಗಿಸಿರೋದು ಕೈಗೆ ಅನುಕೂಲ ಆಗ್ಲಿ ಅಂತ. ರೀಡ್ ಇರೋ ವಾದ್ಯಕ್ಕೆ ಕೊಳವೆ ಹೀಗೆ ಅಗಲ ಆಗ್ತಾ ಹೋದ್ರೆ ಜೋರಾಗಿ ಊದಿದಾಗ ಮಧ್ಯಸ್ಥಾಯಿ ಷಡ್ಜ ಸೀದಾ ತಾರಷಡ್ಜಕ್ಕೆ ಏರುತ್ತೆ, ಅಂದ್ರೆ ಅದೇ ಬೆರಳು, ಸ್ಥಾಯಿ ಮಾತ್ರ ಬೇರೆ. ಕ್ಲಾರಿನೆಟ್‌ನ ಕೊಳವೆ ಉದ್ದಕ್ಕೂ ಒಂದೇ ಅಗಲ, ಅದು ಹಾಗೆ ಏರಿದ್ರೆ ತಾರಸ್ಥಾಯಿ ಪಂಚಮಕ್ಕೆ ಹೋಗಿ ಕೂರುತ್ತೆ, ಅದಕ್ಕೇ ಅದರ ಬೆರಳುಗಾರಿಕೆ ಗೋಜಲು. ನಾದದ ಗುಣಾನೂ ಇಲ್ಲೇ ನಿರ್ಧಾರ ಆಗೋದು. ಬಯಲಲ್ಲಿ, ಚಪ್ಪರದಡೀಲಿ, ಸಾವಿರ ಜನ ಮಾತಾಡ್ತಿರೋ ಛತ್ರದಲ್ಲಿ ಮೈಕಿಲ್ದೆ ಕೇಳ್ಸೋ ತಾಕತ್ತು ಎರಡಕ್ಕೂ ಇದೆ.

ಹಾಗಂತ ನಾಗಸ್ವರ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮನೇಲಿ ಮದುವೆ ಆದ್ರೆ ಧಾರೆಗೆ ನಾಗಸ್ವರಾನೇ ಇಡ್ಸೋದು, ಆರತಕ್ಷತೆಗೆ ಸ್ಯಾಕ್ಸೋಫೋನು. ನಿಮ್ಮ ದೊಡ್ಡಪ್ಪನವರಿಗೂ ಇದನ್ನ ಓದಿ ಹೇಳಿ, ಅವರು ಒಂದ್ಸಲ ಕಣ್ಣು ಮುಚ್ಕೊಂಡು ಕೂತು ಕೇಳ್ಲಿ.

ಪ್ರಶ್ನೆ: ಇದನ್ನ ಕಂಡುಹಿಡಿದಿದ್ದು ಯಾರು ಸರ್, ಆ ಹೆಸರು ಯಾಕೆ? ಕಾಲೇಜಲ್ಲಿ ಒಂದು ಪ್ರಾಜೆಕ್ಟಿಗೆ ಬೇಕು, ಸ್ವಲ್ಪ ಡೀಟೇಲಾಗಿ ಹೇಳಿ.
(ಮೈಸೂರು ಕುವೆಂಪುನಗರದ ವಿದ್ಯಾರ್ಥಿನಿ)

ಉತ್ತರ: ವೀಣೆ, ಕೊಳಲು, ಮೃದಂಗ ಇವನ್ನೆಲ್ಲ ಯಾರು ಮಾಡಿದ್ರು ಅಂತ ಒಬ್ಬರ ಹೆಸರು ಹೇಳೋಕಾಗಲ್ಲಮ್ಮ, ಶತಮಾನಗಳ ಕೈಕೆಲಸ ಅವು. ಸ್ಯಾಕ್ಸೋಫೋನಿಗೆ ಮಾತ್ರ ಒಬ್ಬ ಅಪ್ಪ ಇದಾನೆ, ಹೆಸರು ಅಡಾಲ್ಫ್ ಸ್ಯಾಕ್ಸ್. ಗ್ರೀಕ್‌ನಲ್ಲಿ ಫೋನ್ ಅಂದ್ರೆ ದನಿ, ಸ್ಯಾಕ್ಸ್‌ನ ದನಿ ಅಂತ ಆಯ್ತು.

1814ರ ನವೆಂಬರ್ 6ನೇ ತಾರೀಕು, ಈಗಿನ ಬೆಲ್ಜಿಯಂನಲ್ಲಿ ಮ್ಯೂಸ್ ನದಿ ದಡದ ದಿನಾಂ ಅನ್ನೋ ಊರಲ್ಲಿ ಹುಟ್ಟಿದ್ದು, ಆಗ ಇಲ್ಲಿ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಇಪ್ಪತ್ತರ ಹರೆಯದ ರಾಜರು. ಅಪ್ಪಾನೂ ವಾದ್ಯ ತಯಾರಕ. ಈ ಹುಡುಗ ಬದುಕಿ ಉಳಿದಿದ್ದೇ ಹೆಚ್ಚು ಅಂತಾರೆ, ಮಹಡಿಯಿಂದ ಬಿದ್ದು ತಲೆ ಒಡ್ಕೊಂಡ, ಗುಂಡುಸೂಜಿ ನುಂಗಿದ, ಹಾಲು ಅಂದ್ಕೊಂಡು ಆಸಿಡ್ ಬೆರೆಸಿದ ನೀರು ಕುಡಿದ, ಮದ್ದಿನ ಪುಡಿ ಸಿಡಿದು ಮೈ ಸುಟ್ಕೊಂಡ, ನದೀಲಿ ಮುಳುಗಿ ಹೋಗ್ತಿದ್ದವನನ್ನ ಯಾರೋ ಎಳೆದು ಹಾಕಿದ್ರು. ಇಷ್ಟೆಲ್ಲ ಆದ್ಮೇಲೂ ಇನ್ನೂ ಚಿಕ್ಕ ವಯಸ್ಸಲ್ಲೇ ಅಪ್ಪನ ವರ್ಕ್‌ಶಾಪಲ್ಲಿ ಕೊಳಲು, ಕ್ಲಾರಿನೆಟ್ ಮಾಡೋದು ಕಲಿತ, 1838ರಲ್ಲಿ ಬೇಸ್ ಕ್ಲಾರಿನೆಟ್ ಸುಧಾರಿಸಿ ಪೇಟೆಂಟ್ ತಗೊಂಡ, 1842ರಲ್ಲಿ ಪ್ಯಾರಿಸ್‌ಗೆ ಬಂದ.

ಅವನ ತಲೇಲಿ ಇದ್ದ ಸಮಸ್ಯೆ ಏನು ಅನ್ನೋದು ನಿನ್ನ ಪ್ರಾಜೆಕ್ಟಲ್ಲಿ ಬರೀಲೇಬೇಕು, ಬರೀ ಇಸವಿ ಬರೆದ್ರೆ ಸಾಲಲ್ಲ. ಆ ಕಾಲದ ಸೇನೆ ಬ್ಯಾಂಡು ಬಯಲಲ್ಲಿ ನುಡಿಸೋದು, ಅಲ್ಲಿ ಮರದ ವಾದ್ಯಗಳ ದನಿ ಗಾಳೀಲಿ ಕರಗಿ ಹೋಗೋದು, ಹಿತ್ತಾಳೆ ಕಹಳೆಗಳು ಜೋರಾಗಿ ಎಲ್ಲಾರನ್ನೂ ಮುಚ್ಚಿಬಿಡೋವು. ಕಹಳೆಯಷ್ಟು ಗಟ್ಟಿ ದನಿ, ಆದ್ರೆ ಮರದ ವಾದ್ಯದ ಬಳುಕು, ತಂತಿವಾದ್ಯದ ಹಾಗೆ ಎಳೆಯೋ ಗುಣ, ಮೂರೂ ಒಂದೇ ಕಡೆ ಬೇಕಿತ್ತು ಅವನಿಗೆ. ಅದಕ್ಕೆ ಲೋಹದ ಅಗಲ ಆಗ್ತಾ ಹೋಗೋ ಕೊಳವೆಗೆ ಕ್ಲಾರಿನೆಟ್ ಥರದ ಒಂಟಿ ರೀಡಿನ ಬಾಯಿ ಜೋಡಿಸಿದ. ಬೆರ್ಲಿಯೋಜ್ ಅನ್ನೋ ದೊಡ್ಡ ಸಂಯೋಜಕ 1842ರಲ್ಲೇ ಪ್ಯಾರಿಸ್ಸಿನ ಪತ್ರಿಕೇಲಿ ಈ ಹೊಸ ವಾದ್ಯಾನ ಹೊಗಳಿ ಬರೆದಿದ್ದ, ಸ್ಯಾಕ್ಸೋಫೋನಿಗೆ ಪೇಟೆಂಟ್ ಸಿಕ್ಕಿದ್ದು 1846ರಲ್ಲಿ. ಒಂದು ವಾದ್ಯ ಅಲ್ಲ ಅದು, ಪೂರ್ತಿ ಒಂದು ಕುಟುಂಬ, ಚಿಕ್ಕದರಿಂದ ಹಿಡಿದು ಆಳೆತ್ತರದ್ದರವರೆಗೆ. ಇವತ್ತು ಹೆಚ್ಚು ಬಳಕೇಲಿರೋದು ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಅಂತ ನಾಲ್ಕು. ನಾಲ್ಕಕ್ಕೂ ಬೆರಳು ಇಡೋ ಕ್ರಮ ಒಂದೇ, ಒಂದು ಬಂದ್ರೆ ಉಳಿದವುಗಳ ದಾರಿ ಗೊತ್ತಾದ ಹಾಗೆ, ಇಷ್ಟು ಮುಂದಾಲೋಚನೆ ಮಾಡಿದ ಮನುಷ್ಯ.

1845ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಷಾಂ ದ ಮಾರ್ಸ್ ಮೈದಾನದಲ್ಲಿ ಹಳೇ ಪದ್ಧತಿ ಬ್ಯಾಂಡಿಗೂ ಸ್ಯಾಕ್ಸ್‌ನ ವಾದ್ಯಗಳ ಬ್ಯಾಂಡಿಗೂ ಪೈಪೋಟಿ ಇಟ್ರು, ಜಾತ್ರೆ ಥರ ಜನ ಸೇರಿತ್ತು. ಸ್ಯಾಕ್ಸ್ ಕಡೆ ಜನ ಕಮ್ಮಿ, ಆದ್ರೂ ಚಪ್ಪಾಳೆ ಅವನಿಗೇ ಬಿತ್ತು, ಫ್ರಾನ್ಸಿನ ಸೇನೆ ಅವನ ವಾದ್ಯಗಳನ್ನ ತಗೊಳ್ತು. ಅಲ್ಲಿಂದ ಶುರು ಆಯ್ತು ನೋಡು ಅವನ ಕಷ್ಟ. ಬೇರೆ ತಯಾರಕರೆಲ್ಲ ಒಂದಾಗಿ ಪೇಟೆಂಟ್ ರದ್ದು ಮಾಡ್ಸೋಕೆ ಕೋರ್ಟು ಕೇಸು ಅಂತ ವರ್ಷಗಟ್ಟಲೆ ಅಲೆಸಿದ್ರು. 1852, 1873, 1877, ಮೂರು ಸಲ ದಿವಾಳಿ ಆದ. ನಡುವೆ ತುಟಿಗೇ ಕ್ಯಾನ್ಸರ್ ಬಂತು, ಊದೋ ವಾದ್ಯ ಮಾಡೋನಿಗೆ ತುಟಿಗೆ, ಪುಣ್ಯಕ್ಕೆ ವಾಸಿ ಆಯ್ತು. ಪ್ಯಾರಿಸ್ ಸಂಗೀತ ಶಾಲೇಲಿ 1857ರಿಂದ ತಾನೇ ಸ್ಯಾಕ್ಸೋಫೋನ್ ಪಾಠ ಹೇಳ್ತಿದ್ದ, 1870ರಲ್ಲಿ ಯುದ್ಧ ಬಂದು ಆ ತರಗತೀನೂ ನಿಂತುಹೋಯ್ತು, ಮತ್ತೆ ಆ ಶಾಲೇಲಿ ಸ್ಯಾಕ್ಸೋಫೋನ್ ಪಾಠ ಶುರುವಾಗಿದ್ದು 1942ರಲ್ಲಿ. 1894ರ ಫೆಬ್ರವರೀಲಿ ಪ್ಯಾರಿಸ್ಸಲ್ಲೇ ತೀರ್ಕೊಂಡ, ಕೈಲಿ ಕಾಸಿರ್ಲಿಲ್ಲ. ಅವನು ಬದುಕಿದ್ದಾಗ ಜಾಜ್ ಅನ್ನೋ ಸಂಗೀತಾನೇ ಹುಟ್ಟಿರ್ಲಿಲ್ಲ, ತನ್ನ ವಾದ್ಯ ಅಮೆರಿಕದ ಕರಿಯ ಸಂಗೀತಗಾರರ ಕೈಗೆ ಸಿಕ್ಕಿ ಕೋಲ್‌ಮನ್ ಹಾಕಿನ್ಸ್, ಚಾರ್ಲಿ ಪಾರ್ಕರ್, ಜಾನ್ ಕೋಲ್ಟ್ರೇನ್ ಇಂಥವರ ಉಸಿರಲ್ಲಿ ಏನಾಗ್ಬಹುದು ಅಂತ ಅವನು ಕೇಳ್ಲೇ ಇಲ್ಲ. ನನಗೆ ಇದನ್ನ ನೆನೆಸ್ಕೊಂಡಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತೆ. ಆಮೇಲೆ ಬೆಲ್ಜಿಯಂ ಅವನ ಚಿತ್ರಾನ 200 ಫ್ರಾಂಕಿನ ನೋಟಿನ ಮೇಲೆ ಅಚ್ಚು ಹಾಕ್ತು, ದಿನಾಂ ಸೇತುವೆ ಮೇಲೆ ಈಗ ಸಾಲಾಗಿ ದೊಡ್ಡ ದೊಡ್ಡ ಬಣ್ಣದ ಸ್ಯಾಕ್ಸೋಫೋನ್‌ಗಳು ನಿಂತಿವೆ.

ಪ್ರಶ್ನೆ: ರೀಡ್ ಎಷ್ಟು ದಿನ ಬರುತ್ತೆ? ನನ್ನದು ಬೇಗ ಬೇಗ ಹಾಳಾಗ್ತಿದೆ.
(ಮಂಡ್ಯದ ಓದುಗರು)

ಉತ್ತರ: ದಿನಾ ಊದೋರಿಗೆ ಕೆಲವು ವಾರ, ಅಷ್ಟೇ. ಒಂದನ್ನೇ ಸಾಯಿಸ್ಬೇಡಿ, ಮೂರು ನಾಲ್ಕು ಇಟ್ಕೊಂಡು ಸರದಿ ಮೇಲೆ ಬಳಸಿ, ಊದಿ ಆದ್ಮೇಲೆ ಮೌತ್‌ಪೀಸಿಂದ ಬಿಚ್ಚಿ ಒರೆಸಿ ಚಪ್ಪಟೆ ಡಬ್ಬೀಲಿ ಇಡಿ. ತುದಿ ಚೂರು ಸೀಳಿದ್ರೂ ಬಿಸಾಕಿ.

ಪ್ರಶ್ನೆ: ನಮ್ಮ ಮೈಸೂರಿಗೆ ಸ್ಯಾಕ್ಸೋಫೋನ್ ಹೇಗೆ ಬಂತು? ಮಹಾರಾಜರೇ ನುಡಿಸ್ತಿದ್ರು ಅಂತ ನಮ್ಮ ತಾತ ಹೇಳೋರು, ನಿಜವೇ?
(ಶ್ರೀರಂಗಪಟ್ಟಣದ ಶಿಕ್ಷಕರು)

ಉತ್ತರ: ನಿಮ್ಮ ತಾತ ಹೇಳಿದ್ದು ನಿಜ ಮೇಷ್ಟ್ರೆ. ನಾಲ್ವಡಿ ಕೃಷ್ಣರಾಜ ಒಡೆಯರು ಎಂಟು ವಾದ್ಯ ನುಡಿಸ್ತಿದ್ರು ಅಂತ ಹೇಳ್ತಾರೆ, ವೀಣೆ, ಕೊಳಲು, ಪಿಟೀಲು, ಮೃದಂಗ, ನಾಗಸ್ವರ, ಸಿತಾರ್, ಪಿಯಾನೊ, ಅದರ ಜೊತೆಗೆ ಸ್ಯಾಕ್ಸೋಫೋನೂ. ಆ ಪಟ್ಟೀಲಿ ನಾಗಸ್ವರ, ಸ್ಯಾಕ್ಸೋಫೋನ್ ಎರಡೂ ಇರೋದು ಗಮನಿಸಿ, ಅವರಿಗೆ ಅದು ನಮ್ದು ಇದು ಪರರದ್ದು ಅನ್ನೋ ಗೋಡೆ ಇರ್ಲಿಲ್ಲ. ಅರಮನೇಲಿ ಕರ್ನಾಟಕ ಸಂಗೀತ ನುಡಿಸೋ ಬ್ಯಾಂಡು ಬೇರೆ, ಇಂಗ್ಲಿಷ್ ಬ್ಯಾಂಡು ಬೇರೆ ಇತ್ತು, ಪಾಶ್ಚಾತ್ಯ ಸಂಗೀತ ನೋಡ್ಕೊಳೋಕೆ ಆಟೊ ಷ್ಮಿಟ್ ಅನ್ನೋ ಜರ್ಮನ್ ಬ್ಯಾಂಡ್ ಮಾಸ್ಟರ್ ಇದ್ರು. ಆಮೇಲೆ ಬಂದ ಜಯಚಾಮರಾಜ ಒಡೆಯರಂತೂ ಸ್ವತಃ ಪಿಯಾನೊ ವಾದಕರು, ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದೋರು ಬೇರೆ. ಅಂದ್ರೆ ನಮ್ಮೂರಲ್ಲಿ ಒಂದೇ ಅಂಗಳದಲ್ಲಿ ಎರಡೂ ನಾದ ಬೆಳಗ್ಗೆ ಸಾಯಂಕಾಲ ಕೇಳ್ತಿತ್ತು, ಅರಮನೆ ಕೋಟೆ ಆಚೆ ನಿಂತ ಸಾಮಾನ್ಯ ಜನಾನೂ ಕೇಳ್ತಿದ್ರು. ಈಗಲೂ ದಸರಾದಲ್ಲಿ ಪೊಲೀಸ್ ಬ್ಯಾಂಡ್ ನುಡಿಸೋವಾಗ ಸ್ಯಾಕ್ಸೋಫೋನಿನ ಸಾಲು ನೋಡಬಹುದು. ನಾನು ಚಿಕ್ಕವನಿದ್ದಾಗ ನಮ್ಮಪ್ಪನ ಹೆಗಲ ಮೇಲೆ ಕೂತು ಜಂಬೂ ಸವಾರಿ ನೋಡ್ತಿದ್ರೆ ಆನೆಗಿಂತ ಮುಂಚೆ ನನ್ನ ಕಣ್ಣು ಹುಡುಕ್ತಿದ್ದಿದ್ದು ಆ ಬಗ್ಗಿದ ಹಿತ್ತಾಳೆ ವಾದ್ಯಾನ, ಆಮೇಲೆ ನಾನು ಕಲಿತಿದ್ದೂ ಪೊಲೀಸ್ ಬ್ಯಾಂಡಲ್ಲಿದ್ದು ರಿಟೈರ್ ಆದ ಒಬ್ಬ ಗುರುಗಳ ಹತ್ರಾನೇ.

ಈ ಅರಮನೆ ಬ್ಯಾಂಡಿಂದ ಆದ ದೊಡ್ಡ ಕೆಲಸ ಇನ್ನೊಂದಿದೆ. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಒಬ್ಬ ಹುಡುಗ, ಅಪ್ಪ ನಾಗಸ್ವರ ವಿದ್ವಾಂಸರು, ಅವರ ಹತ್ರಾನೇ ನಾಗಸ್ವರ ಪಾಠ. ಆ ಹುಡುಗ ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ನುಡಿಸಿದ್ದು ಕೇಳಿ ಮರುಳಾದ, ಇದನ್ನೇ ಕಲೀತೀನಿ ಅಂತ ಹಠ ಹಿಡಿದ. ಅವರೇ ಕದ್ರಿ ಗೋಪಾಲನಾಥ್. ಮಂಗಳೂರಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಲ್ಲಿ ಟಿ.ವಿ. ಗೋಪಾಲಕೃಷ್ಣನ್ ಹತ್ರ ಪಾಠ, ವಾದ್ಯ ಕೈಗೆ ಪೂರ್ತಿ ಒಲಿಯೋಕೆ ಸುಮಾರು 20 ವರ್ಷ ಹಿಡೀತು ಅಂತಾರೆ. 1980ರಲ್ಲಿ ಬಾಂಬೆಯ ಜಾಜ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಅನ್ನೋ ಅಮೆರಿಕದ ಸ್ಯಾಕ್ಸೋಫೋನ್ ವಾದಕರ ಜೊತೆ ವೇದಿಕೆ ಹಂಚ್ಕೊಂಡ್ರು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಅನ್ನೋ ಸಂಗೀತೋತ್ಸವದಲ್ಲಿ ಕಛೇರಿ, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ಕ್ಕೆ ಮಂಗಳೂರಲ್ಲಿ ತೀರ್ಕೊಂಡ್ರು. ನಮ್ಮ ಅರಮನೆ ಅಂಗಳದ ದನಿ ಒಂದು ಹುಡುಗನ ಕಿವಿಗೆ ಬಿದ್ದು ಹೀಗೆ ಲೋಕ ಸುತ್ತಿ ಬಂತು, ಮೈಸೂರಿನೋರಿಗೇ ಈ ವಿಷಯ ಅಷ್ಟಾಗಿ ಗೊತ್ತಿಲ್ಲ ಅನ್ನೋದು ನನಗೆ ಬೇಜಾರು, ನಿಮ್ಮ ಶಾಲೆ ಮಕ್ಕಳಿಗೆ ದಯವಿಟ್ಟು ಹೇಳಿ.

ಪಿಟೀಲಿನ ಕಥೇನೂ ನೆನಪು ಮಾಡ್ಕೊಳಿ. ಅದೂ ಸಮುದ್ರ ದಾಟಿ ಬಂದಿದ್ದೇ, 19ನೇ ಶತಮಾನದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಂಥವರು ಕೈಗೆತ್ಕೊಂಡ್ರು, ಇವತ್ತು ಪಿಟೀಲಿಲ್ದೆ ಕಛೇರಿ ಇಲ್ಲ. ನಮ್ಮ ತಿರುಮಕೂಡಲು ನರಸೀಪುರದ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನಮ್ಮ ಸಂಗೀತಕ್ಕೆ ಬೇಕಾದ ಗಾತ್ರ ಕೊಟ್ರು, ಅದನ್ನ ಯಾರಾದ್ರೂ ಪರದೇಶದ್ದು ಅಂತಾರಾ ಈಗ?

ಪ್ರಶ್ನೆ: ನಾನು ಓಲಗದ ಮನೆಯೋನು, ನಮ್ಮ ತಾತ, ಅಪ್ಪ ಎಲ್ಲ ನಾಗಸ್ವರ. ಈಗ ಬುಕ್ ಮಾಡೋಕ್ ಬರೋರು ಸ್ಯಾಕ್ಸೋಫೋನ್ ಐತಾ ಅಂತ ಕೇಳ್ತಾವ್ರೆ. ಕಲಿಯವಾ ಅಂತ ಅನ್ಸ್ತದೆ, ಆದ್ರೆ ಅದ್ರಲ್ಲಿ ಗಮಕ ಬರಕಿಲ್ಲ ಅಂತ ಅಪ್ಪ ಅಂತಾರೆ. ನೀವೇನಂತೀರಿ ಅಣ್ಣ?
(ಪಾಂಡವಪುರದ ಯುವ ವಾದಕರು)

ಉತ್ತರ: ತಮ್ಮ, ಈ ಪತ್ರ ನಾನು ಮೂರು ಸಲ ಓದ್ದೆ. ನಿಮ್ಮಪ್ಪ ಹೇಳೋದು ಪೂರ್ತಿ ಸುಳ್ಳಲ್ಲ, ಯಾಕಂದ್ರೆ ಅವರಿಗೆ ಗಮಕ, ಅಂದ್ರೆ ಸ್ವರಾನ ತೂಗಿ ಜಾರಿಸೋದು, ಬೆರಳಲ್ಲಿ ಇರೋದು. ನಾಗಸ್ವರದಲ್ಲಿ ನಿನ್ನ ಬೆರಳಿನ ಮಾಂಸ ಸೀದಾ ತೂತಿನ ಮೇಲೆ ಕೂರುತ್ತೆ, ಅರ್ಧ ಸರಿಸಿದ್ರೆ, ಕಾಲು ಭಾಗ ಸರಿಸಿದ್ರೆ, ಸ್ವರದಿಂದ ಸ್ವರಕ್ಕೆ ಎಣ್ಣೆ ಸುರಿದ ಹಾಗೆ ಜಾರಬಹುದು. ಸ್ಯಾಕ್ಸೋಫೋನಲ್ಲಿ ಬೆರಳು ತೂತನ್ನ ಮುಟ್ಟೋದೇ ಇಲ್ಲ, ನೀನು ಒತ್ತೋದು ಕೀ, ತೂತು ಮುಚ್ಚೋದು ಅದರ ಆ ಕಡೆ ಇರೋ ಚರ್ಮದ ಪ್ಯಾಡು. ಮುಚ್ಚಿತು ಅಥವಾ ತೆರೀತು, ಮಧ್ಯೆ ನಿಲ್ಲೋದು ಕಷ್ಟ. ಹಾರ್ಮೋನಿಯಂ ಥರ ಷಡ್ಜ ಆದ್ಮೇಲೆ ರಿಷಭ, ನಡುವೆ ಹಳ್ಳ. ಆ ಹಳ್ಳಾನ ತುಂಬ್ಬೇಕಾಗಿರೋದು ತುಟಿ. ಕೆಳದುಟೀಲಿ ರೀಡನ್ನ ಎಷ್ಟು ಒತ್ತಿ ಹಿಡೀತೀಯ, ಎಷ್ಟು ಸಡಿಲ ಬಿಡ್ತೀಯ, ಗಂಟಲು ಎಷ್ಟು ತೆರೀತೀಯ ಅನ್ನೋದರ ಮೇಲೆ ಒಂದೇ ಬೆರಳಲ್ಲಿ ಸ್ವರ ಇಳಿಯುತ್ತೆ, ಏರುತ್ತೆ. ಹಾರ್ಮೋನಿಯಂಗೆ ತುಟಿ ಇಲ್ಲ, ಇದಕ್ಕೆ ಇದೆ, ಎಲ್ಲಾ ದಾರೀನೂ ತೆರೆಯೋದು ಅಲ್ಲೇ. ಗೋಪಾಲನಾಥ್ ಅವರು ಅಷ್ಟು ವರ್ಷ ಗುದ್ದಾಡಿದ್ದು ಇದಕ್ಕೇ, ಕೀಗಳಲ್ಲೂ ನಮ್ಮ ಸಂಗೀತಕ್ಕೆ ಹೊಂದೋ ಹಾಗೆ ಕೆಲವು ಬದಲಾವಣೆ ಮಾಡ್ಸಿಕೊಂಡಿದ್ರು. ಅವರ ನುಡಿಸಾಣಿಕೇಲಿ ಸ್ವರಗಳು ಜಾರೋದನ್ನ ಅಪ್ಪನ ಪಕ್ಕ ಕೂತು ಕೇಳ್ಸು, ಮಾತೇ ಬೇಕಾಗಲ್ಲ.

ನಿನಗೆ ಮೊದಲೇ ಎರಡು ಆಸ್ತಿ ಇದೆ, ಒಂದು ಉಸಿರು, ಇನ್ನೊಂದು ಕಿವಿ. ನಾಗಸ್ವರ ಊದಿದೋರ ಎದೆಗೆ ಸ್ಯಾಕ್ಸೋಫೋನ್ ಹಗುರ ಅನ್ಸುತ್ತೆ. ತೊಂದರೆ ಕೊಡೋದು ಬಾಯಿ. ನಾಗಸ್ವರದ ಪೀಪೀನ ಎರಡು ತುಟಿ ಮಧ್ಯೆ ಹಿಡೀತೀಯ, ಇಲ್ಲಿ ಮೇಲಿನ ಹಲ್ಲು ಮೌತ್‌ಪೀಸ್ ಮೇಲೆ ಕೂರ್ಬೇಕು, ಕೆಳದುಟಿ ಕೆಳಗಿನ ಹಲ್ಲಿನ ಮೇಲೆ ಮಡಚಿ ರೀಡಿಗೆ ಮೆತ್ತೆ ಆಗ್ಬೇಕು. ಮೊದಮೊದಲು ನೀನು ಬಿಗಿಯಾಗಿ ಕಚ್ತೀಯ, ನಾದ ಕೀರಲು ಬರುತ್ತೆ, ಹೆದರ್ಬೇಡ. ತಂಬೂರಿ ಇಟ್ಕೊಂಡು ದಿನಾ ಬೆಳಗ್ಗೆ ಒಂದೊಂದೇ ಸ್ವರ ಉಸಿರು ಮುಗಿಯೋವರೆಗೂ ಎಳಿ. ಆಮೇಲೆ ಅದೇ ಸ್ವರಾನ ಬೆರಳು ಅಲ್ಲಾಡಿಸ್ದೆ ತುಟಿ ಸಡಿಲಿಸಿ ಅರ್ಧ ಸ್ವರ ಇಳಿಸಿ ವಾಪಸ್ ತಾ. ಇದು ಬರೋವರೆಗೂ ಕೃತಿ ಮುಟ್ಬೇಡ. ಶಂಕರಾಭರಣದ ಸ್ವರಗಳು ಕೀಗಳಲ್ಲಿ ಸಲೀಸಾಗಿ ಸಿಗ್ತವೆ, ಅಲ್ಲಿಂದ ಶುರು ಮಾಡಬಹುದು. ತೋಡಿ ರಾಗದ ತೂಗೋ ಗಾಂಧಾರ ಬಂದ ದಿನ ನನಗೊಂದು ಕಾಗದ ಹಾಕು.

ಶ್ರುತಿ ವಿಷಯ ಒಂದು ಹೇಳ್ತೀನಿ, ಅಂಗಡೀಲಿ ಗೊಂದಲ ಮಾಡ್ತಾರೆ. ಆಲ್ಟೊದಲ್ಲಿ ಪುಸ್ತಕದ ಪ್ರಕಾರ ಸಿ ಅನ್ನೋ ಸ್ವರ ಹಿಡಿದ್ರೆ ಹೊರಗೆ ಕೇಳ್ಸೋದು ನಮ್ಮ ಶ್ರುತಿ ಲೆಕ್ಕದ ಎರಡೂವರೆ ಮನೆ, ಟೆನರಲ್ಲಿ ಅದೇ ಬೆರಳಿಗೆ ಆರೂವರೆ ಮನೆ. ಪಾಶ್ಚಾತ್ಯ ವಾದ್ಯಗೋಷ್ಠಿಯೋರು ಇದಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಬರಹ ಮಾಡ್ಕೋಬೇಕು. ನಮಗೆ ಆ ತಾಪತ್ರಯ ಇಲ್ಲ, ಎಲ್ಲಿ ಷಡ್ಜ ಇಟ್ಕೊಂಡ್ರೆ ಅದೇ ಷಡ್ಜ, ತಂಬೂರಿನ ಅದಕ್ಕೆ ಸೇರಿಸ್ಕೊಂಡ್ರೆ ಆಯ್ತು. ನಿನಗೆ ಆಲ್ಟೊನೇ ಸರಿ, ಗೋಪಾಲನಾಥ್ ಹಿಡಿದಿದ್ದೂ ಅದನ್ನೇ.

ಆದ್ರೆ ಒಂದು ಮಾತು ನಡೆಸ್ಕೊಡು. ನಾಗಸ್ವರಾನ ಗೋಡೆಗೆ ನೇತಾಕ್ಬೇಡ. ಬುಕ್ ಮಾಡೋಕೆ ಬರೋರಿಗೆ ಎರಡೂ ಇದೆ ಅಂತ ಹೇಳು, ಮುಹೂರ್ತಕ್ಕೆ ನಾಗಸ್ವರ, ಊಟದ ಹೊತ್ತಿಗೆ ಸ್ಯಾಕ್ಸೋಫೋನ್ ಅಂತ ನೀನೇ ಹೇಳಿ ಒಪ್ಪಿಸು. ಕರಾವಳೀಲಿ ದೇವಸ್ಥಾನಗಳಲ್ಲಿ ಈಗ ಸ್ಯಾಕ್ಸೋಫೋನ್ ಊದ್ತಿರೋ ಎಷ್ಟೋ ಜನ ನಿಮ್ಮಂಥ ನಾಗಸ್ವರದ ಮನೆಗಳಿಂದಲೇ ಬಂದೋರು, ಅವರ ಸ್ಯಾಕ್ಸೋಫೋನ್ ಇಂಪಾಗಿರೋದೇ ಹಿಂದೆ ನಾಗಸ್ವರದ ಪಾಠ ಇರೋದ್ರಿಂದ. ಆ ಬೇರು ಇಲ್ದೆ ಬರೀ ಸಿನಿಮಾ ಹಾಡು ಊದೋ ಸ್ಯಾಕ್ಸೋಫೋನ್ ಕೇಳಿದ್ರೆ ನಿಮ್ಮ ಅಪ್ಪನ ಪಕ್ಷಕ್ಕೇ ನಾನೂ ಸೇರ್ತೀನಿ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ದಸರಾ ನೋಡಿದಾಗಿಂದ ಸ್ಯಾಕ್ಸೋಫೋನ್ ಬೇಕು ಅಂತ ಒಂದೇ ಹಠ. ಇಷ್ಟು ಚಿಕ್ಕ ಮಕ್ಕಳು ಊದಬಹುದಾ, ಶ್ವಾಸಕೋಶಕ್ಕೆ ತೊಂದರೆ ಇಲ್ವಾ, ಯಾವುದು ಕೊಡ್ಸೋದು?
(ನಂಜನಗೂಡಿನ ತಾಯಿ)

ಉತ್ತರ: ಆರೋಗ್ಯವಾಗಿರೋ ಮಗುವಿಗೆ ಊದೋದ್ರಿಂದ ಶ್ವಾಸಕೋಶಕ್ಕೇನೂ ಆಗಲ್ಲ ಅಮ್ಮ, ಅಸ್ತಮಾ ಏನಾದ್ರೂ ಇದ್ರೆ ಮಾತ್ರ ಡಾಕ್ಟ್ರನ್ನ ಒಂದು ಮಾತು ಕೇಳಿ. ನಾನು ನೋಡೋದು ಎರಡೇ, ಮುಂದಿನ ಶಾಶ್ವತ ಹಲ್ಲು ಗಟ್ಟಿಯಾಗಿ ಬಂದಿವೆಯಾ, ಬಲಗೈ ಬೆರಳು ಕೆಳಗಿನ ಕೀಗಳಿಗೆ ಎಟಕುತ್ತಾ ಅಂತ. ಆಲ್ಟೊ ಸುಮಾರು ಎರಡೂವರೆ ಕೆಜಿ ತೂಗುತ್ತೆ, ಅದು ಕತ್ತಿನ ಪಟ್ಟಿಯಿಂದ ನೇತಾಡುತ್ತೆ, ಒಂಬತ್ತು ವರ್ಷದ ಕತ್ತಿಗೆ ಅದು ಭಾರ. ನನ್ನ ಹತ್ರ ಬರೋ ಮಕ್ಕಳಿಗೆ ನಾನು ಒಂದೆರಡು ವರ್ಷ ಮೊದಲು ರೆಕಾರ್ಡರ್ ಕೊಡ್ತೀನಿ, ಶಾಲೇಲಿ ಊದ್ತಾರಲ್ಲ ಆ ಪ್ಲಾಸ್ಟಿಕ್ ಕೊಳಲು, ಅದರ ಬೆರಳು ಇಡೋ ಕ್ರಮ ಸ್ಯಾಕ್ಸೋಫೋನಿಗೆ ಹತ್ತಿರ. ಜೊತೇಗೆ ಬಾಯಿ ಪಾಠ, ಸರಳೆ ಜಂಟಿ ಹಾಡಿಸ್ಬೇಕು, ಹಾಡೋಕೆ ಬರದಿದ್ದ ಸ್ವರ ಊದೋಕೂ ಬರಲ್ಲ. ಹನ್ನೊಂದಕ್ಕೆ ಆಲ್ಟೊ ಕೈಗೆ ಕೊಟ್ರೆ ಮಗು ಓಡುತ್ತೆ.

ಕೊಡ್ಸೋವಾಗ ಹೊಳಪು ನೋಡಿ ಮೋಸ ಹೋಗ್ಬೇಡಿ. ನಾನೇ ಹುಡುಗನಾಗಿದ್ದಾಗ ಕಮ್ಮಿ ರೇಟು ಅಂತ ಒಂದು ಅಂಗಡೀಲಿ ಫಳಫಳ ಅನ್ನೋ ವಾದ್ಯ ತಂದು ಆರು ತಿಂಗಳು ಕಣ್ಣೀರು ಹಾಕಿದೀನಿ, ಕೆಳಗಿನ ಸ್ವರ ಬರ್ತಾನೇ ಇರ್ಲಿಲ್ಲ, ನನ್ನ ಉಸಿರೇ ಸಾಲದು ಅಂದ್ಕೊಂಡಿದ್ದೆ, ಆಮೇಲೆ ಗುರುಗಳು ಕತ್ತಲೆ ಕೋಣೇಲಿ ಒಳಗೆ ಸಣ್ಣ ಬಲ್ಬ್ ಬಿಟ್ಟು ತೋರ್ಸಿದ್ರು, ಪ್ಯಾಡುಗಳ ಸಂದಲ್ಲೆಲ್ಲ ಬೆಳಕು ಬರ್ತಿತ್ತು. ಬೆಳಕು ಬರೋ ಕಡೆ ಗಾಳೀನೂ ಸೋರುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡ್ರೂ ಪರವಾಗಿಲ್ಲ, ಈ ಬಲ್ಬಿನ ಪರೀಕ್ಷೆ ಮಾಡಿಸಿ, ಊದಿ ಗೊತ್ತಿರೋರನ್ನ ಜೊತೇಲಿ ಕರ್ಕೊಂಡು ಹೋಗಿ. ರೀಡು ಒಂದೂವರೆ ಇಲ್ಲಾ ಎರಡು ನಂಬರಿಂದ ಶುರು ಮಾಡಿ, ಅದಕ್ಕಿಂತ ಗಡಸು ಬೇಡ. ಇನ್ನೊಬ್ಬರು ಊದಿದ ಮೌತ್‌ಪೀಸನ್ನ ತೊಳೀದೆ ಬಾಯಿಗಿಡ್ಸಬೇಡಿ, ಊದಿ ಆದ್ಮೇಲೆ ಒಳಗಿನ ತೇವಾನ ಬಟ್ಟೆ ಎಳೆದು ಒರೆಸೋದು ಮೊದಲ ದಿನದಿಂದ ಅಭ್ಯಾಸ ಮಾಡ್ಸಿ, ಇಲ್ದಿದ್ರೆ ಪ್ಯಾಡಿನ ಚರ್ಮ ಗಟ್ಟಿಯಾಗಿ ಮತ್ತೆ ಸೋರೋಕೆ ಶುರು ಆಗುತ್ತೆ.

ಅಕ್ಕಪಕ್ಕದ ಮನೆಯೋರ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ಇದು ಬಯಲಿಗೆ ಅಂತ ಹುಟ್ಟಿದ ವಾದ್ಯ, ಗೋಡೆ ದಾಟೇ ದಾಟುತ್ತೆ. ಬೀರು ಬಾಗಿಲು ತೆಗೆದು ನೇತಾಕಿರೋ ಬಟ್ಟೆಗಳ ಕಡೆ ಮುಖ ಮಾಡಿ ಊದಿದ್ರೆ ಸದ್ದು ಸ್ವಲ್ಪ ಕಮ್ಮಿ ಆಗುತ್ತೆ. ಇಲ್ಲಾಂದ್ರೆ ಸಾಯಂಕಾಲ ಕಪಿಲಾ ನದಿ ಕಡೆ ಕರ್ಕೊಂಡು ಹೋಗಿ, ಮೆಟ್ಟಿಲ ಮೇಲೆ ಕೂತು ಅವನು ಎಷ್ಟು ಬೇಕಾದ್ರೂ ಊದ್ಲಿ.